ಮಾಳಪ್ಪನ ಕಣ್ಣಾಗ ಬಸವಣ್ಣೆಪ್ಪ

ಘೋಡಗೇರಿಯ ಮಾಳಪ್ಪನ ಬಲಗಣ್ಣಿಗೆ ಕಬ್ಬಿನ ಗರಿ ಬಡಿದದ್ದು ಎರಡು ವರ್ಷದ ಹಿಂದಿನ ಕಾರ್ತೀಕದಲ್ಲಿ. ಕುರಿಗಳಿಗೆ ಹಸಿರು ಮುರಿಯಲೆಂದು ಬಗ್ಗಿದವನ ಕಣ್ಣಿನ ಮೇಲೆ ಒಂದು ಗರಿ ಸರ್ರನೆ ಎಳೆದು ಹೋಯಿತು. ಹೆಂಡತಿ ಸಾವಿತ್ರವ್ವ ಸೆರಗಿನ ತುದಿಗೆ ಬಿಸಿ ಉಸಿರು ಊದಿ ಒತ್ತಿದಳು. ಬಾಜೂ ಮನೆಯವರು ಹರಳೆಣ್ಣೆ ಅಂದರು. ಆಚೆ ಓಣಿಯವರು ನಂದಿಬಟ್ಟಲ ಹೂವಿನ ರಸ ಅಂದರು. ಯಾರ ಮನಸ್ಸನ್ನೂ ನೋಯಿಸಬಾರದೆಂದು ಮಾಳಪ್ಪ ಒಂಬತ್ತು ದಿನ ಎಲ್ಲವನ್ನೂ ಹಾಕಿಕೊಂಡ. ಹತ್ತನೆಯ ದಿನ ದವಾಖಾನೆಗೆ ಹೋಗುವ ಹೊತ್ತಿಗೆ ಕಣ್ಣಿನಲ್ಲಿ ಬೂಷ್ಟು ಬೆಳೆದಿತ್ತು. ಡಾಕ್ಟರು ಕಣ್ಣನ್ನೇನೋ ಉಳಿಸಿದರು. ಆದರೆ ಕರಿಗುಡ್ಡೆಯ ನಟ್ಟನಡುವೆ ಜೋಳದ ಕಾಳಿನಂಥ ಬಿಳಿ ಕಲೆ ಕೂತುಬಿಟ್ಟಿತು.

ಆ ಕಣ್ಣಿಗೆ ಹಗಲು ಯಾವುದು, ರಾತ್ರಿ ಯಾವುದು ಅನ್ನುವುದಷ್ಟೇ ತಿಳಿಯುತ್ತಿತ್ತು. ಇದು ಊರವರಿಗೆ ಗೊತ್ತಾಗುವ ಮೊದಲು ಕುರಿಗಳಿಗೆ ಗೊತ್ತಾಯಿತು. ಯಾರದಾದರೂ ಬೆಳೆಗೆ ಬಾಯಿ ಹಾಕಬೇಕಾದರೆ ಅವು ತಪ್ಪದೆ ಮಾಳಪ್ಪನ ಬಲಗಡೆಯಿಂದಲೇ ಹೋಗತೊಡಗಿದವು.

ಗೋಕಾಕದ ಕಣ್ಣಿನ ಡಾಕ್ಟರು ಪೂನಮ್ ಅವನ ಹೆಸರನ್ನು ಪಾಳಿಯಲ್ಲಿ ಬರೆಸಿದರು. ಸತ್ತವರು ದಾನ ಕೊಟ್ಟ ಕಣ್ಣು ಸಿಕ್ಕರೆ, ಕಲೆ ಬಿದ್ದ ಪದರ ತೆಗೆದು ಅವರದನ್ನು ಹೊಲಿಯುತ್ತಾರಂತೆ. ಮಾಳಪ್ಪನ ಮಗಳು ಅರ್ಚನಾ ಅರಭಾವಿಯ ತೋಟಗಾರಿಕೆ ಕಾಲೇಜಿನಲ್ಲಿ ಎರಡನೆಯ ವರ್ಷ ಓದುತ್ತಿದ್ದಳು. "ಮಾವಿನ ಗಿಡಕ್ಕ ಕಸಿ ಕಟ್ಟತಾರಲ್ಲಪ್ಪಾ, ಹಂಗ," ಎಂದು ಧೈರ್ಯ ಹೇಳಿದಳು.

"ಕಸಿ ಗಿಡದಾಗ ಹಣ್ಣು ಯಾವದು ಬರತೈತಿ?" ಅಂದ ಮಾಳಪ್ಪ.

"ಮ್ಯಾಲ ಕಟ್ಟಿದ್ದು."

"ಅಂದ್ರ ನೋಡಾಂವ ನಾನೋ, ಅಂವನೋ?"

ಈ ಪ್ರಶ್ನೆ ಅರ್ಚನಾಳ ಸಿಲೆಬಸ್‌ನಲ್ಲಿ ಇರಲಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಫೋನು ಬಂತು. ಅದೇ ದಿನ ಬೆಳಗಾವಿಯ ದೊಡ್ಡ ದವಾಖಾನೆಯಲ್ಲಿ ಆಪರೇಶನ್ ಆಯಿತು. ಮರುದಿನ ಪಟ್ಟಿ ಬಿಚ್ಚಿದಾಗ ಮಾಳಪ್ಪನಿಗೆ ಮೊದಲು ಮಂಜು ಕಂಡಿತು, ಆಮೇಲೆ ಮಂಜಿನೊಳಗೆ ಸಾವಿತ್ರವ್ವನ ಮೂಗುತಿ. ಅವನು ಅತ್ತ. ಅಳಬಾರದು, ಹೊಲಿಗೆ ಅದಾವ ಎಂದು ನರ್ಸು ಗದರಿದಳು. ಹಗಲಿಗೆ ಎಂಟು ಸಲ ಹಾಕಬೇಕಾದ ಔಷಧದ ಬಾಟಲಿ ಕೊಟ್ಟು, "ಇದನ್ನ ತಪ್ಪಸಬ್ಯಾಡ್ರಿ. ನಿಮ್ಮ ಮೈ ಆ ಕಣ್ಣಿನ ಮ್ಯಾಲ ಜಗಳಕ್ಕ ಹೋಗದಂಗ ಇದು ತಡೀತೈತಿ," ಎಂದಳು.

ಎರಡೂವರೆ ವಾರ ಎಲ್ಲಾ ಸುರಳೀತ ನಡೆಯಿತು. ಆಮೇಲೆ ಒಂದು ದಿನ ತಪಾಸಣೆ ಮುಗಿಸಿ, ಔಷಧದ ಹೊಸ ಬಾಟಲಿ ತೆಗೆದುಕೊಂಡು ಗೋಕಾಕದ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದಾಗ, ಕಲ್ಲೋಳಿಯ ದುಂಡೇಶ ಎಂಬವನು ಪಕ್ಕದಲ್ಲಿ ಬಂದು ಕೂತ. ಮಾಳಪ್ಪನ ಕರಿ ಚಷ್ಮಾ ನೋಡಿ ಸಮಾಚಾರ ಕೇಳಿದ. ಕೇಳಿದವನು ಬೆರಳು ಮಡಿಚಿ ಲೆಕ್ಕ ಹಾಕಿದ.

"ಸೋಮವಾರ ಅಂದಿ? ನಮ್ಮ ಬಸವಣ್ಣೆಪ್ಪ ತೀರ್ಕೊಂಡಿದ್ದು ರವಿವಾರ ಸಂಜೀಕ. ಅವನ ಕಣ್ಣು ದಾನಾ ಕೊಟ್ಟಾರ. ಬೆಳಗಾವಿಯಿಂದನ ಬಂದು ಒಯ್ದ್ರು."

ಮಾಳಪ್ಪ ಎದ್ದು ನಿಂತುಬಿಟ್ಟ.

ಬಸವಣ್ಣೆಪ್ಪ ಯಾರು ಅನ್ನುವುದನ್ನು ಇಲ್ಲಿ ಹೇಳಬೇಕು. ಹನ್ನೊಂದು ವರ್ಷದ ಹಿಂದೆ ಮೂಡಲಗಿ ಸಂತೆಯಲ್ಲಿ ಮಾಳಪ್ಪ ಕಲ್ಲೋಳಿಯ ರೈತ ಬಸವಣ್ಣೆಪ್ಪನಿಗೆ ಒಂದು ಟಗರು ಮಾರಿದ. "ಇದರ ಮುಂದ ಯಾವ ಟಗರೂ ನಿಲ್ಲೂದಿಲ್ಲ," ಎಂದು ಹೇಳಿಯೇ ಮಾರಿದ. ಬಸವಣ್ಣೆಪ್ಪ ಅದಕ್ಕೆ ಹುರುಳಿ ತಿನ್ನಿಸಿ, ಕೋಡಿಗೆ ಬಣ್ಣ ಹಚ್ಚಿ, ಹುಕ್ಕೇರಿಗೆ ಕಾಳಗಕ್ಕೆ ಒಯ್ದ. ಕಣಕ್ಕೆ ಇಳಿದ ಟಗರು ಎದುರಾಳಿಯನ್ನು ಒಮ್ಮೆ ಮೂಸಿ ನೋಡಿತು, ತನ್ನ ಕೊರಳಿನ ಚೆಂಡುಹೂವಿನ ಮಾಲೆಯನ್ನು ತಿಂದಿತು, ತಿಂದು ಕೂತುಕೊಂಡಿತು. ನೂರಾರು ಮಂದಿ ನಕ್ಕರು. ಅವತ್ತಿನಿಂದ ಸಂತೆ, ಮದುವೆ, ಬಸ್ಸು ಎಲ್ಲೇ ಸಿಗಲಿ, ಒಬ್ಬರನ್ನೊಬ್ಬರು "ಮೋಸಗಾರ" ಎಂದು ಕರೆಯದೆ ಮುಂದೆ ಹೋದವರಲ್ಲ. ಬಸವಣ್ಣೆಪ್ಪ, ನೀ ಹೇಡಿ ಟಗರು ಮಾರಿದಿ ಅನ್ನುವನು. ಮಾಳಪ್ಪ, ನೀ ಅದಕ್ಕ ಕಬ್ಬಿನ ಸೋಗಿ ಹಾಕಿ ಮೆತ್ತಗ ಮಾಡಿದಿ ಅನ್ನುವನು.

ಅಂಥವನ ಕಣ್ಣು ಈಗ ತನ್ನ ಮುಖದಲ್ಲಿ!

"ಅವ್ರು ಯಾರದಂತ ಹೇಳಂಗಿಲ್ಲಪ್ಪಾ, ಅದು ನಿಯಮ," ಎಂದಳು ಅರ್ಚನಾ. "ಯಾರದೂ ಇರಬೌದು."

"ಹೇಳೂದಿಲ್ಲ ಅಂದ್ರನ ಏನೋ ಮುಚ್ಚಿಡಾಕತ್ತಾರ ಅಂತ ಅರ್ಥ," ಎಂದ ಮಾಳಪ್ಪ.

ಅವತ್ತು ಸಂಜೆ ಸಾವಿತ್ರವ್ವ ಔಷಧದ ಬಾಟಲಿ ಹಿಡಿದು ಬಂದಾಗ ಅವನಿಗೆ ನರ್ಸಿನ ಮಾತು ನೆನಪಾಯಿತು. ಮೈ ಜಗಳಕ್ಕೆ ಹೋಗದ ಹಾಗೆ ತಡೆಯುವ ಔಷಧ! ಅಂದರೆ ಇದು ಬಸವಣ್ಣೆಪ್ಪನ ಪಕ್ಷದ ಔಷಧ. ತನ್ನ ಮೈಯೊಳಗಿನ ಮಂದಿಯ ಕೈ ಕಟ್ಟಿ ಅವನಿಗೆ ಆರಾಮಾಗಿ ಕೂರಲು ಜಾಗ ಮಾಡಿಕೊಡುತ್ತಿದೆ. ಹನ್ನೊಂದು ವರ್ಷ ಒಂದು ಮಾತೂ ಬಿಟ್ಟುಕೊಡದವನು ಈಗ ಹನಿ ಹನಿಯಾಗಿ ಸೋಲಬೇಕೆ? "ನಾನ ಹಾಕ್ಕೋತೇನಿ, ಇಲ್ಲಿ ಕೊಡು," ಎಂದು ಬಾಟಲಿ ಇಸಿದುಕೊಂಡ. ಅವತ್ತಿನಿಂದ ದಿನಕ್ಕೆ ಎಂಟು ಸಲ ಗೋಡೆಯ ಕಡೆ ತಿರುಗಿ, ಕತ್ತು ಮೇಲೆತ್ತಿ, ಮುಚ್ಚಳ ಹಾಕಿದ ಬಾಟಲಿಯನ್ನೇ ಕಣ್ಣಿನ ಮೇಲೆ ಹಿಡಿದು ನಾಟಕ ಮಾಡತೊಡಗಿದ.

ಐದನೆಯ ವಾರದಲ್ಲಿ ಗೌರವ್ವ ಬಂದಳು.

ಗೌರವ್ವ ಬಸವಣ್ಣೆಪ್ಪನ ಹೆಂಡತಿ. ದುಂಡೇಶನ ಲೆಕ್ಕ ಕಲ್ಲೋಳಿ ತಲುಪಿ ಅವಳ ಕಿವಿಗೂ ಬಿದ್ದಿತ್ತು. ಕಲ್ಲೋಳಿಯಿಂದ ಎರಡು ಬಸ್ಸು ಬದಲಿಸಿ, ಬಿಸಿಲಿನಲ್ಲಿ ನಡೆದು, ಒಬ್ಬಳೇ ಬಂದು ಮಾಳಪ್ಪನ ಕಟ್ಟೆಯ ಮೇಲೆ ಕೂತಳು. ನೀರು ಕುಡಿದಳು. ಆಮೇಲೆ, "ಚಷ್ಮಾ ತಗಿ ತಮ್ಮಾ, ನೋಡೂನು," ಅಂದಳು.

ಮಾಳಪ್ಪ ತೆಗೆದ. ಗೌರವ್ವ ಅವನ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು. ಬಾಗಿಲಲ್ಲಿ ನಿಂತಿದ್ದ ಸಾವಿತ್ರವ್ವನಿಗೆ ಇದು ಸರಿ ಬರಲಿಲ್ಲ. ಆದರೆ ಗಂಡ ಸತ್ತು ಒಂದು ತಿಂಗಳಾದವಳಿಗೆ ಏನು ಹೇಳುವುದು? ಸುಮ್ಮನೆ ಕೆಮ್ಮಿದಳು.

ಗೌರವ್ವ ಕಣ್ಣಿನ ಜೊತೆಗೇ ಮಾತಿಗಿಳಿದಳು. "ಏನ್ರಿ, ಟ್ರಂಕಿನ ಕೀಲಿ ಎಲ್ಲಿಟ್ಟೀರಿ? ಮನಿಯೆಲ್ಲಾ ಹುಡುಕಿದ್ವಿ. ನಿಮ್ಮ ಪಂಚಮಿ ಧೋತರಾ, ನನ್ನ ಇಳಕಲ್ ಸೀರಿ ಎಲ್ಲಾ ಅದರಾಗ ಅದಾವ."

ಮಾಳಪ್ಪನಿಗೆ ಮುಜುಗರವಾಯಿತು. ಕಣ್ಣು ತನ್ನದು, ಪ್ರಶ್ನೆ ಬೇರೆಯವನಿಗೆ. ಹೇಗಾದರೂ ಗದ್ದ ಬಿಡಿಸಿಕೊಳ್ಳಬೇಕೆಂದು, "ದನದ ಕೊಟ್ಟಿಗ್ಯಾಗ ದೀಪಾ ಇಡೂ ಗ್ವಾಡಿ ಮಾಡಾ ಇರತೈತಲ್ಲರಿ ಅಕ್ಕಾರ, ಅಲ್ಲಿ ನೋಡ್ರಿ," ಅಂದ. ಅವನೂ ತನ್ನ ಕೀಲಿ ಇಡುವುದು ಅಲ್ಲೇ.

ಗೌರವ್ವ ಮಗ ರಾಚಪ್ಪನಿಗೆ ಫೋನು ಹಚ್ಚಿದಳು. ಐದು ನಿಮಿಷಕ್ಕೆ ಅವನಿಂದ ಮರುಫೋನು ಬಂತು. ಕೀಲಿ ಸಿಕ್ಕಿತ್ತು.

ಸಾವಿತ್ರವ್ವ ತಲೆಯ ಮೇಲೆ ಸೆರಗು ಹೊದ್ದಳು. ಅದು ಸತ್ತವರಿಗೆ ಮರ್ಯಾದೆ ಎಂದೋ ಗಾಬರಿಗೋ ಅವಳಿಗೂ ತಿಳಿಯಲಿಲ್ಲ. ಎಲ್ಲರಿಗಿಂತ ಹೆಚ್ಚು ಹೆದರಿದವನು ಮಾಳಪ್ಪ. ಅವನ ಬಲಗಣ್ಣಿನಿಂದ ಬಳಬಳನೆ ನೀರು ಇಳಿಯಿತು.

"ಅಳಬ್ಯಾಡ್ರಿ," ಎನ್ನುತ್ತಾ ಹತ್ತಿರ ಬಗ್ಗಿದ ಗೌರವ್ವ ಹುಬ್ಬು ಗಂಟಿಕ್ಕಿದಳು. "ಇದು ಅಳು ಅಲ್ಲ. ಕಣ್ಣು ಕೆಂಪ ಆಗೇತಿ. ಯಾವಾಗಿಂದ ಹಿಂಗೈತಿ ಮಾಳಪ್ಪಾ?"

"ಮೂರು ದಿನ ಆತ್ರಿ. ಬೆಳಕ ನೋಡಾಕ ಆಗವಲ್ದು. ಮಂಜ ಮಂಜ ಕಾಣತೈತಿ."

"ಔಷಧ ಹಾಕ್ಕೊಳ್ಳಾಕತ್ತೀಯೋ ಇಲ್ಲೋ?"

"ಎಂಟ ಸಲ," ಎಂದ ಮಾಳಪ್ಪ.

"ದಿನಾ ಹಾಕ್ಕೋತಾರ್ರಿ, ನಾನ ನೋಡೇನಿ," ಎಂದು ಸಾವಿತ್ರವ್ವ ಬಾಟಲಿ ತಂದು ತೋರಿಸಿದಳು. ಗೌರವ್ವ ಅದನ್ನು ಬಿಸಿಲಿಗೆ ಹಿಡಿದು ನೋಡಿದಳು. ಕುತ್ತಿಗೆಯ ತನಕ ತುಂಬಿತ್ತು.

ಆಮೇಲೆ ನಡೆದದ್ದನ್ನು ಓಣಿಯವರು ಬಹಳ ದಿನ ಆಡಿಕೊಂಡರು. ಇಬ್ಬರು ಹೆಂಗಸರು ಎರಡೂ ಬದಿಯಿಂದ ಮಾಳಪ್ಪನನ್ನು ಬೈದರು. ಸಾವಿತ್ರವ್ವ ತನಗೆ ಸುಳ್ಳು ಹೇಳಿದ್ದಕ್ಕೆ, ಗೌರವ್ವ ತನ್ನ ಗಂಡನ ವಸ್ತು ಹಾಳು ಮಾಡಿದ್ದಕ್ಕೆ. "ಇಟ್ಟುಕೊಳ್ಳಾಕ ಕೊಟ್ಟೇವಿ, ಕೆಡಸಾಕ ಕೊಟ್ಟಿಲ್ಲ!" ಎಂದು ಕೂಗಿದಳು. ಮತ್ತೆ ಫೋನು. ಒಂದು ತಾಸಿನಲ್ಲಿ ರಾಚಪ್ಪ ತನ್ನ ತರಕಾರಿ ಟೆಂಪೋ ತಂದ. ಮುಂದೆ ಇಬ್ಬರಿಗೆ ಮಾತ್ರ ಜಾಗ ಇತ್ತು. ಕಣ್ಣು ಜತನವಾಗಿ ಹೋಗಬೇಕೆಂದು ಅಲ್ಲಿ ಮಾಳಪ್ಪನನ್ನು ಕೂರಿಸಿ, ಹೆಂಗಸರಿಬ್ಬರು ಬದನೆಕಾಯಿ ಬುಟ್ಟಿಗಳ ನಡುವೆ ಕೂತು ಗೋಕಾಕಕ್ಕೆ ಹೊರಟರು. ಟೆಂಪೋ ಗುಂಡಿಗೆ ಬಿದ್ದಾಗಲೆಲ್ಲ ಹಿಂದಿನಿಂದ ಎರಡು ದನಿಗಳು ಒಟ್ಟಿಗೆ, "ಸಾವಕಾಶ!" ಎಂದು ಕೂಗುತ್ತಿದ್ದವು.

ಡಾಕ್ಟರು ಪೂನಮ್ ಮೆಷಿನ್ನಿನಲ್ಲಿ ನೋಡಿ ತಲೆ ಅಲ್ಲಾಡಿಸಿದರು. "ಕಾಕಾ, ಔಷಧ ಯಾಕ ಬಿಟ್ರಿ? ನಿಮ್ಮ ಮೈ ಹೊಸಾ ಪದರಾನ ಹೊರಗ ಹಾಕಾಕ ಹತ್ತೈತಿ. ಇನ್ನ ನಾಕ ದಿನ ಬಿಟ್ಟು ಬಂದಿದ್ರ ನನ್ನ ಕೈಯಾಗೂ ಏನೂ ಇರತಿರಲಿಲ್ಲ."

ಮಾಳಪ್ಪ ಟಗರಿನಿಂದ ಶುರುಮಾಡಿ ಎಲ್ಲಾ ಹೇಳಿದ. ಡಾಕ್ಟರು ನಗಲಿಲ್ಲ. ಬಹಳ ಕಷ್ಟಪಟ್ಟು ನಗಲಿಲ್ಲ.

"ಯಾರ ಕಣ್ಣು ಅಂತ ನನಗೂ ಗೊತ್ತಿಲ್ಲ ಕಾಕಾ, ಗೊತ್ತಿದ್ರೂ ಹೇಳಾಕ ಬರೂದಿಲ್ಲ. ಮತ್ತ ಇಡೀ ಕಣ್ಣು ಹಾಕಿಲ್ಲ. ಮುಂದಿನ ಗಾಜಿನಂಥ ಪದರ ಅಷ್ಟ. ಈಗ ಕೇಳ್ರಿ. ಮೈಯಾಗ ಕಾವಲು ಕಾಯೋ ರಕ್ತಕಣ ಅದಾವ. ಪರರದು ಏನರ ಒಳಗ ಬಂತಂದ್ರ ಏರಿ ಹೋಗಿ ಬಡೀತಾವ. ಬ್ಯಾರೇಯವರ ಕಿಡ್ನಿ ಹಾಕಬೇಕಂದ್ರ ಎಷ್ಟು ತಾಳೆ ನೋಡಬೇಕು, ಎಷ್ಟು ಗುಳಗಿ ನುಂಗಬೇಕು! ಕಣ್ಣಿನ ಪದರಕ್ಕ ಅಷ್ಟೆಲ್ಲಾ ಬ್ಯಾಡ. ಯಾಕ ಹೇಳ್ರಿ?"

"ಯಾಕ್ರಿ?"

"ಕಣ್ಣು ಜಗಳ ತಡ್ಕೊಳ್ಳೂದಿಲ್ಲ. ಕೈಗೆ ಬಾವು ಬಂದ್ರ ಎಂಟ ದಿನಕ್ಕ ಇಳೀತೈತಿ. ಕಣ್ಣಾಗ ಬಾವು ಬಂದ್ರ ನೋಟನ ಹೋಗಬೌದು. ಅದಕ್ಕ ಕಣ್ಣಿನ ಜೀವಕೋಶಗಳು ತಾವ ಒಂದು ವ್ಯವಸ್ಥಾ ಮಾಡ್ಕೊಂಡಾವ. ಮುಂದಿನ ಪದರದಾಗಿನ ಕೋಶ, ಕಣ್ಣಿನ ಪಾಪಿ ಸುತ್ತಲಿನ ಬಣ್ಣದ ಕೋಶ, ಹಿಂದಿನ ಪರದೇದ ಆಸರಕ್ಕ ಇರೋ ಕೋಶ, ಇವೆಲ್ಲಾ ಸೇರಿ ಒಳಗ ನುಗ್ಗಿದ ಕಾವಲಿನವಕ್ಕ ಸಂಕೇತ ಕೊಡತಾವ. ಕೆಲವಕ್ಕ 'ಇಲ್ಲೇ ಸತ್ತು ಹೋಗು' ಅಂತಾವ. ಅವು ಸಾಯ್ತಾವ. ಇನ್ನ ಕೆಲವನ್ನ ತಮ್ಮ ಕಡೆ ಮಾಡ್ಕೊಂಡು, 'ಉಳಿದವರನ್ನ ನೀನ ಸಮಾಧಾನ ಮಾಡು' ಅಂತಾವ."

"ಹೊಡ್ಯಾಕ ಬಂದಾವನ್ನ ಪಂಚರನ್ನ ಮಾಡಿ ಕಳಿಸ್ತಾವ?" ಗೌರವ್ವ ಬೆರಗಾಗಿ ಕೇಳಿದಳು.

"ಹೌದ್ರಿ ಆಯಿ. ಕಣ್ಣಾಗಿನ ಸುದ್ದಿ ಒಯ್ದ ಕೋಶ ಪಕ್ಕೆಲುಬಿನ ಕೆಳಗ ಇರೋ ಗುಲ್ಮ ಅನ್ನೋ ಅಂಗದ ತನಕ ಹೋಗತಾವ. 'ಈ ಪರಕೀಯನ ಮ್ಯಾಲ ಕೈ ಮಾಡಬ್ಯಾಡ್ರಿ' ಅಂತ ಅಲ್ಲಿಂದ ಇಡೀ ಮೈಗೆ ತಿಳಿಸ್ತಾವ."

ಮಾಳಪ್ಪನ ಮುಖ ಕಪ್ಪಿಟ್ಟಿತು. "ಅಂದ್ರ ಹನ್ನೊಂದು ವರ್ಷ ನಾ ಜಗಳಾಡಿದ್ದು, ಮತ್ತ ನನ್ನ ಕಣ್ಣು ನನಗ ಒಂದು ಮಾತು ಕೇಳದನ ರಾಜಿ ಮಾಡ್ಕೊಂಡೈತಿ?"

"ನಿಮಗಿಂತ ಅದಕ್ಕ ಹೆಚ್ಚು ತಿಳುವಳಿಕಿ ಐತಿ ಕಾಕಾ. ಆದ್ರ ಆ ಸಮಾಧಾನಕ್ಕೂ ಒಂದು ಮಿತಿ ಐತಿ. ಹೊಸಾ ಗಾಯ, ಹೊಲಿಗಿ ಇರೂ ತನಕ ಅದಕ್ಕ ಔಷಧದ ಆಸರ ಬೇಕು. ನೀವು ಆ ಆಸರ ಕಿತ್ತು ಒಗದ್ರಿ. ಇವತ್ತಿನಿಂದ ತಾಸಿಗೊಮ್ಮೆ ಹನಿ ಹಾಕಬೇಕು. ಯಾರು ಹಾಕ್ತೀರಿ?"

"ನಾನು," ಎಂದಳು ಸಾವಿತ್ರವ್ವ.

"ನಾನು," ಎಂದಳು ಗೌರವ್ವ.

ಗೌರವ್ವ ಅವತ್ತು ಕಲ್ಲೋಳಿಗೆ ಹೋಗಲೇ ಇಲ್ಲ. ನಾಲ್ಕು ದಿನ ಘೋಡಗೇರಿಯಲ್ಲೇ ಉಳಿದಳು. ತಾಸಿಗೊಮ್ಮೆ ಅವಳ ಮೊಬೈಲು ಗಂಟೆ ಬಾರಿಸಿದರೆ ಮಾಳಪ್ಪ ಎಲ್ಲಿದ್ದರೂ ಬಂದು ಕತ್ತು ಎತ್ತಬೇಕು. ಒಬ್ಬಳು ರೆಪ್ಪೆ ಎಳೆಯುವಳು, ಇನ್ನೊಬ್ಬಳು ಹನಿ ಬಿಡುವಳು. ಮೊದಲ ದಿನ ಇಬ್ಬರ ನಡುವೆ ಮಾತಿರಲಿಲ್ಲ. ಎರಡನೆಯ ದಿನ ಗೌರವ್ವ, "ನಮ್ಮವರೂ ಹಿಂಗ, ಬಿ.ಪಿ. ಗುಳಗಿ ನಾಲಿಗಿ ಕೆಳಗ ಇಟ್ಕೊಂಡು ಹಿತ್ತಲದಾಗ ಉಗುಳತಿದ್ರು," ಎಂದಳು. ಅಲ್ಲಿಂದ ಇಬ್ಬರಿಗೂ ಗಂಡಂದಿರ ವಿಷಯ ಎಷ್ಟು ಸಿಕ್ಕಿತೆಂದರೆ, ಮಾಳಪ್ಪ ಹಟ್ಟಿಯಲ್ಲಿ ಕುರಿಗಳ ನಡುವೆ ಹೋಗಿ ಕೂರತೊಡಗಿದ.

ಕೆಂಪು ಇಳಿಯಿತು. ಮಂಜು ಕರಗಿತು. ಗೌರವ್ವ ಊರಿಗೆ ಹೋದಳು. ಆದರೆ ವಾರಕ್ಕೊಮ್ಮೆ ಎರಡು ಬಸ್ಸು ಬದಲಿಸಿ ಕಣ್ಣು ನೋಡಲು ಬರುವುದನ್ನು ಬಿಡಲಿಲ್ಲ. ಬಂದಾಗೊಮ್ಮೆ ಮಾಳಪ್ಪ ಅವಳ ಮುಂದೆ ಬಸವಣ್ಣೆಪ್ಪನನ್ನು ಬಯ್ಯುವನು. ಬೆಳಿಗ್ಗೆ ತನಗಿಂತ ಮೊದಲೇ ಆ ಕಣ್ಣು ಎಚ್ಚರಾಗುತ್ತದೆ, ಕಬ್ಬಿನ ಗದ್ದೆ ಕಂಡರೆ ಅತ್ತಲೇ ತಿರುಗುತ್ತದೆ ಎಂದು ದೂರು ಹೇಳುವನು. ಗೌರವ್ವ ಗಂಡನ ಪರವಾಗಿ ಜವಾಬು ಕೊಡುವಳು. ಚಹಾ ಕುಡಿದು ಸಂಜೆಯ ಬಸ್ಸಿಗೆ ಹೋಗುವಳು.

ಮೂರು ತಿಂಗಳು ಹೀಗೇ ನಡೆದ ಮೇಲೆ ಮಾಳಪ್ಪನ ಮನಸ್ಸು ಮೆತ್ತಗಾಯಿತು. ಡಾಕ್ಟರು ಹೇಳಿದ್ದು ಒಳಗೇ ಕೊರೆಯುತ್ತಿತ್ತು. ಮೈಯೊಳಗಿನ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಗಳು ಪರಕೀಯನನ್ನು ಒಪ್ಪಿಕೊಂಡಿರುವಾಗ ತಾನು ಇಷ್ಟು ದೊಡ್ಡವನಾಗಿ ಹಟ ಹಿಡಿಯುವುದೇನು ಅನ್ನಿಸಿತು. ಒಂದು ಶನಿವಾರ ಮಧ್ಯಾಹ್ನ, ಗೌರವ್ವ ಕಟ್ಟೆಯ ಮೇಲೆ ಕೂತಿದ್ದಾಗ, ಅರ್ಚನಾಳ ಕೈಗನ್ನಡಿ ತರಿಸಿಕೊಂಡ.

"ಅಕ್ಕಾರ, ಒಂದು ಮಾತು ಹೇಳೂದೈತಿ. ನಿಮಗಲ್ಲ, ಅವರಿಗೆ."

ಕನ್ನಡಿಯನ್ನು ಬಲಗಣ್ಣಿನ ಮುಂದೆ ಹಿಡಿದು ಗಂಟಲು ಸರಿ ಮಾಡಿಕೊಂಡ. "ಬಸವಣ್ಣೆಪ್ಪಣ್ಣಾ, ಖರೆ ಹೇಳತೇನಿ. ಆ ಟಗರು ಹೇಡಿ ಅಂತ ನನಗ ಮೊದಲ ಗೊತ್ತಿತ್ತು. ಕೋಳಿ ಬಂದ್ರೂ ಓಡತಿತ್ತು. ಒಣಗಾಕ ಹಾಕಿದ ಸಾವಿತ್ರಿ ಸೀರಿ ಮೂರು ತಿಂದಿತ್ತು. ಹ್ಯಾಂಗರ ಮಾಡಿ ಮನಿಯಿಂದ ಸಾಗಹಾಕಬೇಕಾಗಿತ್ತು. ನಿನ್ನ ಸೋಗೀದು ಏನೂ ತಪ್ಪಿದ್ದಿಲ್ಲ. ತಪ್ಪು ನಂದ."

ಗೌರವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಚೀಲದೊಳಗೆ ಕೈ ಹಾಕಿ, ಮಡಿಚಿ ಮಡಿಚಿ ಹರಿಯಲು ಬಂದಿದ್ದ ಒಂದು ಕಾಗದ ತೆಗೆದು ಅರ್ಚನಾಳ ಕೈಗಿತ್ತಳು. "ಓದವಾ."

ಅದು ನೇತ್ರ ಭಂಡಾರದವರು ಬಸವಣ್ಣೆಪ್ಪನ ಮನೆಗೆ ಬರೆದ ಕೃತಜ್ಞತೆಯ ಪತ್ರ. ದಾನದಿಂದ ಇಬ್ಬರಿಗೆ ದೃಷ್ಟಿ ಬಂದಿದೆ, ಒಬ್ಬಳು ಶಾಲೆಗೆ ಹೋಗುವ ಬಾಲಕಿ, ಇನ್ನೊಬ್ಬರು ಮಧ್ಯವಯಸ್ಸಿನ ಮಹಿಳೆ ಎಂದು ಅದರಲ್ಲಿತ್ತು. ಹೆಸರಾಗಲಿ ಊರಾಗಲಿ ಇರಲಿಲ್ಲ.

ಮಾಳಪ್ಪ ಕನ್ನಡಿಯನ್ನು ಕೆಳಗಿಟ್ಟ. "ನಾ ಬಾಲಕಿ ಅಲ್ಲಲಾ."

"ಮಹಿಳೆನೂ ಅಲ್ಲ," ಎಂದು ಸಾವಿತ್ರವ್ವ ಸಾಕ್ಷಿ ಹೇಳಿದಳು.

"ಈ ಕಾಗದ ಯಾವಾಗ ಬಂತು?"

"ಎರಡು ತಿಂಗಳ ಮ್ಯಾಲಾತು."

"ಅಂದ್ರ ಇಷ್ಟು ದಿನ ಗೊತ್ತಿದ್ದೂ ಬಂದ್ರಿ? ಗೊತ್ತಿದ್ದೂ ನನ್ನ ಗದ್ದಾ ಹಿಡದು ನೋಡಿದ್ರಿ? ಮೋಸದಿಂದ ನನ್ನ ಬಾಯಿ ಬಿಡಿಸಿದ್ರಿ ಅಕ್ಕಾರ!"

"ಮೋಸದ ಮಾತು ನೀ ಆಡಬ್ಯಾಡ, ಟಗರು ಮಾರಿದಾಂವ," ಎಂದಳು ಗೌರವ್ವ. ಆಮೇಲೆ ದನಿ ಇಳಿಯಿತು. "ನಮ್ಮ ಮನ್ಯಾಗ ನನ್ನ ಮುಂದ ಅವರ ಹೆಸರ ತಗಿಯೂದಿಲ್ಲ ಮಾಳಪ್ಪಾ. ಅಳತಾಳ ಅಂತ ಎಲ್ಲಾರೂ ಬಾಯಿ ಮುಚ್ಚತಾರ. ಇಲ್ಲಿ ಬಂದ್ರ ನೀ ಬೈತಿದ್ದಿ. ಮೊದಲ ಬೈದಂಗ ಬೈತಿದ್ದಿ. ಕೇಳತಿದ್ರ ಅವರು ಎಲ್ಲೋ ಸಂತಿಗೆ ಹೋಗ್ಯಾರ, ಬರ್ತಾರ ಅನ್ನಿಸತಿತ್ತು."

ಸಾವಿತ್ರವ್ವ ಒಳಗೆ ಹೋಗಿ ಇನ್ನೊಮ್ಮೆ ಚಹಾ ಇಟ್ಟಳು.

ಮಾಳಪ್ಪ ಎರಡು ದಿನ ಮುನಿಸಿಕೊಂಡು ಇದ್ದ. ಹನ್ನೊಂದು ವರ್ಷ ಕಾಪಾಡಿದ ಗುಟ್ಟು ಹೋಯಿತೆಂಬ ಬೇಜಾರು ಒಂದು ಕಡೆ. ಇನ್ನೊಂದು ಕಡೆ ಹೊಸ ಚಿಂತೆ. ಬಸವಣ್ಣೆಪ್ಪನಾದರೆ ಗುರುತಿನವನು. ಈಗ ಒಳಗೆ ಕೂತವನು ಯಾರು? ಯಾವ ಊರು, ಏನು ಕೆಲಸ, ಗಂಡೋ ಹೆಣ್ಣೋ, ಕುರಿ ಅಂದರೆ ಸೇರುತ್ತಿತ್ತೋ ಇಲ್ಲವೋ? "ಬೈಯಾಕೂ ಒಂದು ಹೆಸರಿಲ್ಲಲಾ," ಎಂದು ಮಗಳ ಮುಂದೆ ಹಲುಬಿದ. ಮೂರನೆಯ ದಿನ ಗೌರವ್ವ ಫೋನು ಮಾಡಿ, "ಹನಿ ಹಾಕ್ಕೊಂಡಿ?" ಎಂದು ಕೇಳಿದಳು. "ಹಾಕ್ಕೊಂಡೇನ್ರಿ," ಎಂದ. ಖರೆಯೇ ಹೇಳಿದ್ದ. "ಶನಿವಾರ ಬರ್ತೀರಿಲ್ಲೋ?" ಎಂದೂ ಕೇಳಿದ.

ವರ್ಷ ತುಂಬುವ ಹೊತ್ತಿಗೆ ಒಂದೊಂದಾಗಿ ಹೊಲಿಗೆ ಬಿಚ್ಚಿದರು. ಚಷ್ಮಾ ಹಾಕಿಕೊಂಡರೆ ಬಸ್ಸಿನ ಬೋರ್ಡು ಓದುವಷ್ಟು ನೋಟ ಬಂತು. ಕುರಿಗಳು ಎರಡು ಮೂರು ಸಲ ಬಲಗಡೆಯಿಂದ ನುಗ್ಗಲು ಹೋಗಿ, ಬೈಸಿಕೊಂಡು, ಸಾಲಿಗೆ ಬಂದವು. ಕೊನೆಯ ಹೊಲಿಗೆ ಬಿಚ್ಚಿದ ದಿನ ಮಾಳಪ್ಪ ಡಾಕ್ಟರನ್ನು ಕೇಳಿ ನೇತ್ರದಾನದ ಫಾರ್ಮು ಇಸಿದುಕೊಂಡ. ಸಾವಿತ್ರವ್ವ, ಗೌರವ್ವ ಇಬ್ಬರೂ ಜೊತೆಗಿದ್ದರು. ಅರ್ಚನಾ ತುಂಬಿಸುತ್ತಾ ಹೋದಳು. ಹೆಸರು, ವಯಸ್ಸು, ಊರು ಆಯಿತು. ಸಾಕ್ಷಿ ಒಂದು, ಸಾವಿತ್ರವ್ವ, ಸಂಬಂಧ ಹೆಂಡತಿ. ಸಾಕ್ಷಿ ಎರಡು ಎಂದಾಗ ಗೌರವ್ವ ಪೆನ್ನು ತೆಗೆದುಕೊಂಡು ಅಕ್ಷರ ಕೂಡಿಸಿ ಸಹಿ ಮಾಡಿದಳು.

"ಸಂಬಂಧ?" ಎಂದಳು ಅರ್ಚನಾ.

ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿದರು. ಜಾತಿ ಬೇರೆ, ಊರು ಬೇರೆ, ತಾಲೂಕೂ ಬೇರೆ.

"ಅಕ್ಕ ಅಂತ ಬರಿ," ಎಂದ ಮಾಳಪ್ಪ.

"ಬ್ಯಾಡ," ಎಂದಳು ಗೌರವ್ವ. "ಅಕ್ಕ ಆದ್ರ ಪಂಚಮಿಗೆ ಸೀರಿ ಕೊಡಬೇಕಾಗತೈತಿ, ಇಂವ ಕೊಡೂದಿಲ್ಲ. ಪರಿಚಯ ಅಂತ ಬರಿ."

"ಬರೇ ಪರಿಚಯ ಏನ್ರಿ?" ಸಾವಿತ್ರವ್ವನಿಗೆ ಸಿಟ್ಟು ಬಂತು. "ನಾಕ ದಿನ ನಮ್ಮನ್ಯಾಗ ಉಂಡೀರಿ!"

"ಹಂಗಾದ್ರ ನೀನ ಹೇಳವಾ."

ಮೂವರೂ ಒಟ್ಟಿಗೆ ಮಾತಾಡತೊಡಗಿದರು. ಕೌಂಟರಿನ ಆಚೆ ಕೂತಿದ್ದವಳು ಗಡಿಯಾರ ನೋಡಿ, "ಏನರ ಒಂದು ಬರೀರಿ, ನಮ್ಮ ಊಟದ ಹೊತ್ತಾತು," ಎಂದಳು. ಅರ್ಚನಾ ಇನ್ನೊಮ್ಮೆ ಮೂವರನ್ನೂ ನೋಡಿದಳು, ಆ ಜಾಗದಲ್ಲಿ "ಮನೆಯವರು" ಎಂದು ಬರೆದಳು, ಯಾರೂ ಓದುವ ಮೊದಲೇ ಫಾರ್ಮನ್ನು ಕಿಟಕಿಯ ಒಳಗೆ ಕೊಟ್ಟುಬಿಟ್ಟಳು.